ಒರೆಸಬಾರದ ಹನಿ

ನಾಟಕದ ಪರದೆಯ ಮೇಲೆ ಬರೆದಿದ್ದ ಯಂತ್ರಕ್ಕೆ ಮೊದಲ ಕಲ್ಲು ಬಿದ್ದದ್ದು ಎರಡನೇ ದಿನದ ಆಟದಲ್ಲಿ. ಹಿಂದಿನ ಬೆಂಚಿನಿಂದ ಯಾರೋ ಬೀಸಿದ. ಕಲ್ಲು ಪರದೆಗೆ ತಾಗಿ, ಕೆಳಗುರುಳಿ, ಡೋಲು ಬಾರಿಸುವವನ ಮೊಣಕಾಲಿಗೆ ಬಡಿಯಿತು. ಅವನು ಅಯ್ಯಯ್ಯೋ ಅಂತ ಕುಣಿದ. ಜನ ಅದೂ ನಾಟಕದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮಾರನೇ ದಿನದಿಂದ ಜೇಬಿನಲ್ಲಿ ಕಲ್ಲು ತುಂಬಿಕೊಂಡೇ ಬರತೊಡಗಿದರು.

ನಾಟಕ ಕಂಪನಿಯ ಯಜಮಾನನಿಗೆ ಖುಷಿಯೋ ಖುಷಿ. "ಕಲ್ಲು ಬೀಳ್ತಾ ಇದೆ ಅಂದ್ರೆ ಆಟ ಗೆದ್ದಿದೆ ಅಂತ ಲೆಕ್ಕ. ನನ್ನ ನಟರಿಗೆ ಬೀಳ್ತಾ ಇದ್ದದ್ದು ಈಗ ನಿನ್ನ ಪರದೆಗೆ ಬೀಳ್ತಾ ಇದೆ, ಅಷ್ಟೇ ವ್ಯತ್ಯಾಸ" ಅಂತ ಪರದೆಯಣ್ಣನ ಬೆನ್ನು ತಟ್ಟಿದ.

ಪರದೆಯಣ್ಣ ಅಂದರೆ ನಾಟಕದ ಪರದೆ ಬರೆಯುವವನು. ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು, ಕರೆಯುವವರಿಲ್ಲದೆ ಅದು ತುಕ್ಕು ಹಿಡಿದಿತ್ತು. ಕಾಡು ಬೇಕೆಂದರೆ ಕಾಡು, ಅರಮನೆ ಬೇಕೆಂದರೆ ಅರಮನೆ. ಹೊರದೇಶದವರನ್ನು ಬರೆಯುವುದಂತೂ ಅವರ ಮನೆತನಕ್ಕೇ ಅಂಟಿದ ಕಸುಬು. ಅಜ್ಜನ ಕಾಲದಲ್ಲಿ ಹೊರದೇಶದವನನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಅಜ್ಜ ಧೈರ್ಯವಾಗಿ ಅವರಿಗೆ ಹಿಂದುಮುಂದಾದ ಪಾದ ಬರೆದ. ಅಪ್ಪನ ಕಾಲಕ್ಕೆ ಅವರ ಹಡಗುಗಳ ಸುದ್ದಿ ಬಂತು. ಅಪ್ಪ ಹಡಗಿಗೆ ರೆಕ್ಕೆ ಬರೆದ, ಮುಂಭಾಗಕ್ಕೆ ಕೊಕ್ಕೂ ಬರೆದ. ಕೊನೆಗೆ ನಿಜವಾದ ಹೊರದೇಶದವರು ಊರಿಗೆ ಬಂದಿಳಿದ ದಿನ ಜನ ಅವರ ಮುಖ ನೋಡಲಿಲ್ಲ, ಬಗ್ಗಿ ಬಗ್ಗಿ ಪಾದ ನೋಡಿದರು. ಅವರು ಬೂಟು ಹಾಕಿದ್ದರು. 'ಹಿಂದುಮುಂದು ಇರೋದಕ್ಕೇ ಮುಚ್ಚಿಕೊಂಡಿದ್ದಾರೆ' ಅಂತ ಊರು ತೀರ್ಮಾನ ಮಾಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಪರದೆಯ ಮೇಲಿರುವುದು ಸುಳ್ಳಾಗಿರಬಹುದು ಅಂತ ಯಾರ ತಲೆಗೂ ಹೊಳೆಯಲಿಲ್ಲ.

ಬಂದವರು ಹೊಳೆದಂಡೆಯಲ್ಲಿ ಆಳೆತ್ತರದ ಗೋಡೆ ಕಟ್ಟಿ, ಒಳಗೆ ನೀರೆತ್ತುವ ಯಂತ್ರ ಕೂರಿಸಿದರು. ಬೀದಿಬೀದಿಗೆ ಕೊಳಾಯಿ ಬಂತು. ತಿರುಗಿಸಿದರೆ ನೀರು. ಹೆಂಗಸರಿಗೆ ಹಬ್ಬ, ನೀರು ಹೊರುವವರಿಗೆ ಮಾತ್ರ ಹೊಟ್ಟೆಯ ಮೇಲೆ ಹೊಡೆತ. ಅವರ ಮುಖಂಡನನ್ನು ಎಲ್ಲರೂ ದೊಡ್ಡಕೊಡ ಅಂತ ಕರೆಯುತ್ತಿದ್ದರು. ಇಬ್ಬರು ಎತ್ತುವ ಕೊಡವನ್ನು ಅವನೊಬ್ಬನೇ ಹೆಗಲಿಗೇರಿಸಿ ಮೂರು ಮಹಡಿ ಹತ್ತುತ್ತಿದ್ದ. ಈಗ ಅದೇ ಹೆಗಲನ್ನು ಗೋಡೆಗೆ ಆನಿಸಿ, ಗೋಡೆಯಾಚೆಯ ಹೊಗೆಯನ್ನು ನೋಡುತ್ತಾ ದಿನವಿಡೀ ನಿಂತಿರುತ್ತಿದ್ದ.

ಆ ಗೋಡೆಯೊಳಗೆ ಕೆಲಸ ಸಿಕ್ಕಿದ ಊರವನು ಒಬ್ಬನೇ, ಪರದೆಯಣ್ಣನ ತಮ್ಮ. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಅಪ್ಪ ಸತ್ತಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಅಣ್ಣನೇ ಉಣ್ಣಿಸಿ, ಮೀಯಿಸಿ, ಹೆಗಲ ಮೇಲೆ ಕೂರಿಸಿಕೊಂಡು ಸಾಕಿದ. ಕುಂಚವನ್ನೂ ಕೊಟ್ಟು ನೋಡಿದ. ಆದರೆ ಅವನ ಕೈ ನಿಲ್ಲುತ್ತಿರಲಿಲ್ಲ, ಬರೆದದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ. "ನಿನ್ನ ಕೈಗೆ ಸಲಿಕೆಯೇ ಸರಿ ಕಣೋ" ಅಂತ ಅಣ್ಣ ತಮಾಷೆಗೆ ಅಂದದ್ದು ನಿಜವಾಗಿಬಿಟ್ಟಿತು.

ಚೆಲ್ಲುವ ಮಾತು ಬಂತಲ್ಲ, ಇಲ್ಲೊಂದು ವಿಷಯ ಹೇಳಲೇಬೇಕು. ಪರದೆಯ ಬಣ್ಣ ಅಂದರೆ ಪುಡಿಗೆ ಅಂಟಿನ ನೀರು ಬೆರೆಸಿದ್ದು. ಅದರ ಒಂದು ಹನಿ ಬಟ್ಟೆಯ ಮೇಲೆ ಬಿತ್ತೋ, ಒರೆಸಿದಷ್ಟೂ ಹರಡುತ್ತದೆ. ಬೆರಳಷ್ಟಿದ್ದದ್ದು ಅಂಗೈಯಷ್ಟಾಗುತ್ತದೆ. ಅದಕ್ಕೇ ಅಪ್ಪ ಒಂದು ಕಟ್ಟಳೆ ಮಾಡಿದ್ದ: ಬಿದ್ದ ಹನಿಯನ್ನು ಒರೆಸಬಾರದು, ಬರೆಯಬೇಕು. ಆಕಾಶದಲ್ಲಿ ಬಿದ್ದರೆ ಹದ್ದು, ಮರದ ಮೇಲೆ ಬಿದ್ದರೆ ಹಣ್ಣು, ರಾಣಿಯ ಕೆನ್ನೆಯ ಮೇಲೆ ಬಿದ್ದರೆ ಮಚ್ಚೆ. ನೋಡುವವರು 'ಅಬ್ಬಾ, ಎಷ್ಟು ಯೋಚನೆ ಮಾಡಿ ಬರೆದಿದ್ದಾನೆ' ಅನ್ನುತ್ತಿದ್ದರು. ಹೊಸ ಪರದೆ ಏರಿದಾಗಲೆಲ್ಲ ಅಣ್ಣ ತಮ್ಮಂದಿರಿಗೆ ಅದೇ ಆಟ. ತಮ್ಮ ಮುಂದಿನ ಬೆಂಚಿನಲ್ಲಿ ಕೂತು ದಿಟ್ಟಿಸಿ ನೋಡಿ, "ಆ ಮೊಲ ಹನಿ ತಾನೇ ಅಣ್ಣಾ?" ಅನ್ನುತ್ತಿದ್ದ. ತಪ್ಪಿದ್ದು ಕಡಿಮೆ.

ಯಂತ್ರದ ಪರದೆ ಬೇಕು ಅಂತ ಕಂಪನಿ ಯಜಮಾನ ಹೇಳಿದಾಗ ತಮ್ಮ, "ಒಳಗೆ ಕರ್ಕೊಂಡು ಹೋಗ್ತೀನಿ ಬಾ, ಎಂಜಿನಿಯರ್ ಒಳ್ಳೆಯವರು, ಬೇಡ ಅನ್ನಲ್ಲ" ಅಂದ.

"ನೋಡಿಬಿಟ್ರೆ ಬರೆಯೋಕಾಗಲ್ಲ ಕಣೋ. ನೀನು ಹೇಳು ಸಾಕು" ಅಂದ ಪರದೆಯಣ್ಣ.

ತಮ್ಮ ಹೇಳಿದ. ಮನೆಯಲ್ಲಿ ಊಟಕ್ಕೆ ಕೂತಾಗ ಜನ ಹೇಳುವ ಹಾಗೇ ಹೇಳಿದ. "ಇಷ್ಟು ದೊಡ್ಡ ಹೊಟ್ಟೆ. ಬೆಂಕಿಬಾಯಿ ತೆಗೆದ್ರೆ ನುಂಗೋಕೆ ಬಂದ ಹಾಗೆ ಬರುತ್ತೆ. ಎಷ್ಟು ಹಾಕಿದ್ರೂ ಅದರ ಹಸಿವು ತೀರಲ್ಲ. ಮೇಲೊಂದು ಗಾಜಿನ ಕಣ್ಣಿದೆ, ಅದರಲ್ಲೊಂದು ಮುಳ್ಳು ಓಡಾಡುತ್ತೆ. ಮುಳ್ಳು ಕೆಂಪು ಗೆರೆ ದಾಟಿತೋ, ನಾವೆಲ್ಲ ಮೇಲಕ್ಕೆ." ಅವನ ಹೆಂಡತಿ ಬಡಿಸುತ್ತಿದ್ದವಳು, "ಊಟದ ಹೊತ್ತಲ್ಲಿ ಅದರ ಸುದ್ದಿ ಬಿಡಿ" ಅಂತ ಗದರಿದಳು. ಪರದೆಯಣ್ಣ ಕೈ ತೊಳೆದವನೇ ಬರೆಯಲು ಹೋದ. ಹೊಟ್ಟೆ ಬರೆದ, ಬಾಯಿ ಬರೆದ, ಬಾಯಿ ಅಂದ ಮೇಲೆ ಹಲ್ಲು ಬೇಡವೇ, ಎರಡು ಸಾಲು ಹಲ್ಲು ಬರೆದ. ಮುಗಿಯಿತು ಅನ್ನುವಾಗ, ಸುತ್ತ ನಿಂತ ಹೊರದೇಶದವರ ಮುಖಕ್ಕೆಂದು ಕಲಸಿದ್ದ ಬಣ್ಣದ ಹನಿಯೊಂದು ಹಲ್ಲುಗಳ ನಡುವೆ ಬಿತ್ತು. ಅದನ್ನು ಒಂದು ಪುಟ್ಟ ಕೈ ಮಾಡಿದ. ಕುಂಚ ಕೊಡವಿದಾಗ ಪಕ್ಕದಲ್ಲೇ ಒಂದಿಷ್ಟು ಕೆಂಪು ಸಿಡಿಯಿತು. ಅದನ್ನು ಬಳೆ ಮಾಡಿದ.

ಮೊದಲ ಆಟಕ್ಕೆ ಬಂದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಕೈ ಹನಿ ತಾನೇ ಅಣ್ಣಾ? ಬಳೆಯೂ ಹನಿಯೇ. ಎರಡು ಹನಿ, ಈ ಸಲ ನಿಂಗೂ ಕೈ ನಡುಗಿದೆ."

ಆದರೆ ಬೇರೆ ಯಾರೂ ನಗಲಿಲ್ಲ. ಪರದೆ ಏರಿದ ಕೂಡಲೇ ಕೊಟ್ಟಿಗೆಯಂಥ ಆ ನಾಟಕಮಂದಿರ ಉಸಿರು ಬಿಗಿಹಿಡಿಯಿತು. ಮುಂದೆ ನಟರು ಏನೇನೋ ಕುಣಿಯುತ್ತಿದ್ದರು, ಜನರ ಕಣ್ಣು ಮಾತ್ರ ಆ ಪುಟ್ಟ ಕೈಯ ಮೇಲೆ. ಆಮೇಲೆ ಕಲ್ಲು ಶುರುವಾಯಿತು. ಬೀದಿಯಲ್ಲಿ ಪರದೆಯಣ್ಣ ಹೊರಟರೆ ಜನ ದಾರಿ ಬಿಟ್ಟು ನಿಲ್ಲತೊಡಗಿದರು. ಅಜ್ಜನಿಗೂ ಅಪ್ಪನಿಗೂ ಸಿಗದ ಮರ್ಯಾದೆ. ಅವನು ಉಬ್ಬಿಹೋದ. ಸುಳ್ಳು ಯಾಕೆ, ಯಾರಾದರೂ ಉಬ್ಬುತ್ತಿದ್ದರು.

ಹಾಗಿರುವಾಗ ಒಂದು ಬೆಳಗ್ಗೆ, ಕಲ್ಲು ಬಿದ್ದು ಬಣ್ಣ ಎದ್ದ ಜಾಗಗಳನ್ನು ತಿದ್ದುತ್ತಾ ಅವನು ವೇದಿಕೆಯ ಮೇಲೆ ಏಣಿ ಹಾಕಿಕೊಂಡಿದ್ದ. ಬಾಗಿಲು ದಡಾರನೆ ತೆರೆಯಿತು. ಬುಟ್ಟಿ ಹೆಣೆಯುವವಳೊಬ್ಬಳು ತಲೆಗೂದಲು ಕೆದರಿಕೊಂಡು ಓಡಿಬಂದಳು. ಅವಳ ಹಿಂದೆ ದೊಡ್ಡಕೊಡ, ಅವನ ಹಿಂದೆ ನೀರು ಹೊರುವವರು, ಅವರ ಹಿಂದೆ ಬೀದಿಗೆ ಬೀದಿಯೇ. ಹಿಂದಿನ ದಿನ ಮಧ್ಯಾಹ್ನದಿಂದ ಬುಟ್ಟಿಯವಳ ಪುಟ್ಟ ಮಗಳು ಕಾಣುತ್ತಿಲ್ಲ. ಹೊಳೆದಂಡೆಯಲ್ಲಿ ಆಡುತ್ತಿದ್ದಳಂತೆ.

ಬುಟ್ಟಿಯವಳು ಪರದೆಯ ಹತ್ತಿರ ಬಂದು ಆ ಕೈಯನ್ನು ಮುಟ್ಟಿದಳು. "ಕೆಂಪು ಬಳೆ. ನಾನೇ ಹಾಕಿದ್ದು" ಅಂದಳು. ಅಷ್ಟೇ ಅಂದದ್ದು. ಆಮೇಲೆ ಅವಳ ಗಂಟಲಿನಿಂದ ಬಂದದ್ದನ್ನು ಮಾತು ಅನ್ನಲಾಗದು.

ಪರದೆ ಬರೆದು ಅದಾಗಲೇ ವಾರ ಕಳೆದಿತ್ತು, ಹುಡುಗಿ ಕಾಣೆಯಾದದ್ದು ನಿನ್ನೆ. ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ದೊಡ್ಡಕೊಡ ಕೈಮುಗಿದು ಕೇಳಿದ: "ಪರದೆಯಣ್ಣ, ನಿಂಗೆ ಮೊದಲೇ ಗೊತ್ತಿತ್ತು. ಆ ಯಂತ್ರ ಮಕ್ಕಳನ್ನ ತಿನ್ನುತ್ತೆ ಅಂತ ಹೇಗೆ ಗೊತ್ತಾಯ್ತು?"

ಇಲ್ಲಿ ಒಂದು ಮಾತು ಸಾಕಿತ್ತು. 'ಹನಿ ಬಿತ್ತು ಕಣಪ್ಪಾ' ಅಂದುಬಿಟ್ಟಿದ್ದರೆ ನಾಲ್ಕು ಜನ ಬೈದು, ಇಬ್ಬರು ಉಗಿದು, ಹುಡುಗಿಯನ್ನು ಬೇರೆ ಕಡೆ ಹುಡುಕಲು ಹೋಗುತ್ತಿದ್ದರು. ಆದರೆ ಏಣಿಯ ಮೇಲೆ ನಿಂತವನಿಗೆ ಕೆಳಗಿನ ಅಷ್ಟೂ ಮುಖಗಳು ಕಂಡವು. ಎಲ್ಲವೂ ತನ್ನ ಕಡೆಗೇ, ಎಲ್ಲವೂ ಕೈಮುಗಿದುಕೊಂಡು. ಆ ಮುಖಗಳಿಗೆ 'ನನ್ನ ಕೈ ನಡುಗಿತು' ಅಂತ ಹೇಳಲು ಅವನ ನಾಲಿಗೆ ಏಳಲಿಲ್ಲ.

"ನನ್ನ ತಮ್ಮ ಅದರ ಹತ್ರಾನೇ ಇರೋನು. ಅವನು ಹೇಳಿದ್ದನ್ನ ಬರೆದೆ" ಅಂದ.

ದೊಡ್ಡಕೊಡ ಮುಗಿದಿದ್ದ ಕೈ ಬಿಚ್ಚಿದ. "ಹಾಗಾದ್ರೆ ಅದಕ್ಕೆ ತಿನ್ನಿಸೋನು ನಿನ್ನ ತಮ್ಮ" ಅಂದ.

ಏಣಿಯಿಂದ ಇಳಿದದ್ದೋ ಬಿದ್ದದ್ದೋ ಪರದೆಯಣ್ಣನಿಗೇ ಗೊತ್ತಾಗಲಿಲ್ಲ. "ಅಲ್ಲ, ಅಲ್ಲ. ಅದು ಹನಿ. ಬಣ್ಣದ ಹನಿ ಬಿತ್ತು, ಕೈ ಮಾಡಿದೆ. ನಮ್ಮಪ್ಪನ ಕಾಲದಿಂದ ಹಾಗೇ ಮಾಡೋದು. ಅವನನ್ನೇನೂ ಮಾಡಬೇಡಿ, ಅವನು ಮಗುವಿನಂಥವನು" ಅಂತ ಒಬ್ಬೊಬ್ಬರ ಗಲ್ಲ ಹಿಡಿದು ಬೇಡಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮನನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಅಂತ ಹೆಂಗಸೊಬ್ಬಳು ಅವನ ಮುಖಕ್ಕೆ ಉಗಿದಳು.

ಅವನು ಕಪ್ಪು ಬಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿ ಆ ಕೈಯನ್ನು ಮುಚ್ಚಿಬಿಡಲು ಓಡಿದ. ಮಗುವಿನ ಗುರುತನ್ನೇ ಅಳಿಸಲು ಹೊರಟಿದ್ದಾನೆ ಅಂತ ಗುಲ್ಲೆದ್ದಿತು. ಯಾರೋ ಅವನನ್ನು ಕೆಡವಿದರು. ಇನ್ಯಾರೋ ಬಲಗೈ ಮೇಲೆ ಮೊಣಕಾಲೂರಿದರು. ಹಾರೆ ಏರಿದ್ದು ಅವನಿಗೆ ಕಾಣಿಸಿತು, ಇಳಿದದ್ದು ಕೇಳಿಸಿತು. ಮಣಿಕಟ್ಟಿನ ಮೂಳೆ ಒಣಕಟ್ಟಿಗೆ ಮುರಿದ ಹಾಗೆ ಮುರಿಯಿತು. ಡಬ್ಬಿ ಉರುಳಿ ಕಪ್ಪೆಲ್ಲ ವೇದಿಕೆಯ ಮೇಲೆ ಹರಿಯಿತು. ಜನ ಅವನನ್ನು ದಾಟಿ, ತುಳಿದು, ಹೊಳೆಯ ಕಡೆಗೆ ಹೊರಟರು.

ಮುರಿದ ಕೈಯನ್ನು ಹೊಟ್ಟೆಗೊತ್ತಿಕೊಂಡು ಅವನೂ ಓಡಿದ. ಮುಟ್ಟುವ ಹೊತ್ತಿಗೆ ಗೋಡೆಯ ಬಾಗಿಲು ಬಿದ್ದಿತ್ತು. ಅಂಗಳದಲ್ಲಿ ಹೊರದೇಶದ ಎಂಜಿನಿಯರು ಎರಡೂ ಕೈ ಚಾಚಿ ಏನೋ ಕೂಗುತ್ತಿದ್ದ. ಅವನ ಭಾಷೆ ಯಾರಿಗೂ ಬಾರದು. ದೊಡ್ಡಕೊಡ ಕೊಡಲಿ ಎತ್ತಿ ಅವನ ಕುತ್ತಿಗೆಯ ಬುಡಕ್ಕೆ ಹೊಡೆದ. ಎಂಜಿನಿಯರು ಕೂತುಕೊಂಡ, ಕೂತವನು ಹಾಗೇ ವಾಲಿದ. ಬೂಟು ಕಿತ್ತು ಅವನ ಪಾದ ನೋಡಿದವರೂ ಇದ್ದರು.

ಯಂತ್ರದ ಮನೆಯ ಬಾಗಿಲಲ್ಲಿ ತಮ್ಮ ನಿಂತಿದ್ದ. ಬೆಂಕಿಯ ಕೆಲಸಕ್ಕೆ ಕಟ್ಟಿಕೊಳ್ಳುವ ಚರ್ಮದ ಏಪ್ರನ್ ಕಟ್ಟಿಕೊಂಡು, ಕಲ್ಲಿದ್ದಲಿನ ಸಲಿಕೆ ಅಡ್ಡ ಹಿಡಿದುಕೊಂಡು. "ಹೊಡೀಬೇಡ್ರಪ್ಪಾ, ಒಳಗಿರೋದು ಬಿಸಿನೀರು. ಬರೀ ಬಿಸಿನೀರು" ಅನ್ನುತ್ತಿದ್ದ. ಕಲ್ಲೊಂದು ಅವನ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಅವನನ್ನು ತಳ್ಳಿ ದೊಡ್ಡಕೊಡ ಒಳನುಗ್ಗಿದ. "ಹೊಟ್ಟೆ ಬಗೀರೋ, ಮಗು ಇನ್ನೂ ಉಸಿರಾಡ್ತಿರಬಹುದು" ಅಂತ ಕೊಡಲಿಯನ್ನು ಬಾಯ್ಲರಿನ ಕೊಳವೆಯ ಕೀಲಿಗೇ ಬೀಸಿದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನೂ ಹೇಳಬೇಕು, ಅವನೇನೂ ರಾಕ್ಷಸನಲ್ಲ.

ಕೀಲು ಬಿಚ್ಚಿದ ಕೂಡಲೇ ಹಬೆ ನುಗ್ಗಿತು. ಮುಂದೆ ನಿಂತವರು ಬಾಯಿ ತೆರೆದದ್ದಷ್ಟೇ, ಕೂಗು ಕೇಳಿಸಲಿಲ್ಲ, ಹಬೆಯ ಸದ್ದೇ ಎಲ್ಲವನ್ನೂ ನುಂಗಿತು. ದೊಡ್ಡಕೊಡ ತಿರುಗಿ ಹೊರಗೆ ಬಂದಾಗ ಅವನಿಗೆ ಮುಖ ಇರಲಿಲ್ಲ. ಚರ್ಮ ಕೆಂಪು ಬಟ್ಟೆಯ ಹಾಗೆ ಕೆನ್ನೆಯಿಂದ ಜೋಲುತ್ತಿತ್ತು. ಎರಡು ಹೆಜ್ಜೆ ಇಟ್ಟು ಹೊಳೆಯ ಕಡೆಗೆ ಮುಗ್ಗರಿಸಿ ಬಿದ್ದ, ಮತ್ತೆ ಏಳಲಿಲ್ಲ. ಇನ್ನೂ ಇಬ್ಬರು ಹೊಸ್ತಿಲಲ್ಲೇ ಸತ್ತರು.

ಬಾಗಿದ ಕೊಳವೆ ಹಬೆಯ ದಾರಿ ಕಟ್ಟಿತ್ತೋ ಏನೋ, ಗಾಜಿನ ಕಣ್ಣಿನ ಮುಳ್ಳು ಇಳಿಯುವ ಬದಲು ಏರುತ್ತಿತ್ತಂತೆ. ಅದನ್ನು ನೋಡಲು ಬಲ್ಲವನು ಅಲ್ಲಿ ಒಬ್ಬನೇ ಉಳಿದಿದ್ದ. ಬಾಗಿಲ ಪಕ್ಕಕ್ಕೆ ಬಿದ್ದಿದ್ದ ತಮ್ಮ ಎದ್ದು ಅಂಗಳಕ್ಕೆ ಬಂದು ಸಲಿಕೆಯನ್ನು ತಲೆಯ ಮೇಲೆತ್ತಿ ಬೀಸುತ್ತಾ, "ಓಡ್ರೋ, ಒಡೆಯುತ್ತೆ, ಎಲ್ಲರೂ ಸಾಯ್ತೀರಾ" ಅಂತ ಜನರನ್ನು ಅಟ್ಟಿದ. ಅಂಗಳದಾಚೆಯ ಕಚೇರಿಯ ಮಹಡಿಯ ಕಿಟಕಿಯಲ್ಲಿ ಕನ್ನಡಕದ ಮುಖವೊಂದು ಕಂಡಿತು, ಆ ಗಾಜಿಗೂ ಕಲ್ಲು ಬಿತ್ತು. ತಮ್ಮ ಮತ್ತೆ ಒಳಗೆ ಹೋದ. ಸುಡುವ ಹಬೆಯಲ್ಲಿ ಬಗ್ಗಿಕೊಂಡು, ಉರಿಯುವ ಕಲ್ಲಿದ್ದಲನ್ನೆಲ್ಲ ಸಲಿಕೆ ಸಲಿಕೆಯಾಗಿ ಬಾಚಿ ಹೊರಗೆಸೆದ. ಪರದೆಯಣ್ಣ ಗೋಡೆಗೊರಗಿ ಕೂತು ತಮ್ಮನ ಹೆಸರು ಕೂಗುತ್ತಲೇ ಇದ್ದ. ಕೊನೆಗೆ ಯಂತ್ರ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಅರ್ಧ ಊರು ಅವನಿಂದ ಉಳಿಯಿತು, ಅದು ಊರಿಗೆ ತಿಳಿದದ್ದು ಬಹಳ ತಡವಾಗಿ.

ಸಂಜೆ ಬುಟ್ಟಿಯವಳ ಮಗಳು ಪೆಪ್ಪರಮೆಂಟು ಚೀಪುತ್ತಾ ಪಕ್ಕದೂರಿನಿಂದ ಬಂದಳು. ಚಿಕ್ಕಮ್ಮನ ಜೊತೆ ಹೋಗಿದ್ದಳು. ಚಿಕ್ಕಮ್ಮ ಯಾರ ಬಳಿಯೋ ಹೇಳಿ ಕಳಿಸಿದ್ದಳು, ಆ ಯಾರೋ ಮರೆತಿದ್ದ.

ಮನೆಯಲ್ಲಿ ತಮ್ಮನ ಹೆಂಡತಿ ಅವನ ಸುಟ್ಟ ತೋಳುಗಳಿಗೆ ಒದ್ದೆಬಟ್ಟೆ ಹಾಕುತ್ತಿದ್ದಳು. ಬೊಬ್ಬೆಗಳು ಎದ್ದಿದ್ದವು. ಇನ್ನೊಂದು ಮೂಲೆಯಲ್ಲಿ ಭಾವನ ಕೈಗೆ ದಬ್ಬೆ ಕಟ್ಟಿತ್ತು.

"ಅಣ್ಣಾ, ಹನಿ ಅಂತ ಹೇಳಬಾರದಿತ್ತಾ?" ಅಂದ ತಮ್ಮ.

"ಹೇಳಿದೆ ಕಣೋ."

"ಮೊದಲೇ?"

ತಮ್ಮನ ಹೆಂಡತಿ ತಲೆಯೆತ್ತಿ ಪರದೆಯಣ್ಣನನ್ನು ನೋಡಿದಳು, ಮತ್ತೆ ಬಟ್ಟೆ ಹಿಂಡಲು ಬಗ್ಗಿದಳು. ಅವನಿಗೆ ನಾಚಿಕೆಯಿಂದ ಸತ್ತುಹೋಗೋಣ ಅನ್ನಿಸಿತು. ಆದರೂ ತಮ್ಮ ಜೀವಂತ ಇದ್ದಾನಲ್ಲ, ಕಣ್ಣೆದುರು ಕೂತು ನೋವಿಗೆ ಹಲ್ಲು ಕಚ್ಚುತ್ತಿದ್ದಾನಲ್ಲ, ಅಷ್ಟು ಸಾಕು ಅಂತಲೂ ಅನ್ನಿಸಿತು.

ಮಾರನೇ ಬೆಳಗ್ಗೆ ಸಿಪಾಯಿಗಳು ಬಂದರು. ಬೀದಿಯ ಆ ತುದಿಯಿಂದ ಮನೆಮನೆಯ ಬಾಗಿಲನ್ನೂ ಬಂದೂಕಿನ ಹಿಂಭಾಗದಿಂದ ಒಡೆಯುತ್ತಾ ಬಂದರು. ಗಂಡಸರನ್ನು ಕೂದಲು ಹಿಡಿದು ಬೀದಿಗೆಳೆದು ಸಾಲಾಗಿ ಮೊಣಕಾಲೂರಿಸಿದರು. ತಲೆಯೆತ್ತಿದವನ ಹಲ್ಲುಗಳು ಉದುರಿದವು. ಅವರ ಜೊತೆಗಿದ್ದ ದುಭಾಷಿಯ ಕೈಯಲ್ಲಿ ಒಂದು ಚಿತ್ರ ಇತ್ತು. ಒಬ್ಬೊಬ್ಬನ ಮುಖದ ಪಕ್ಕ ಅದನ್ನು ಹಿಡಿದು ನೋಡುತ್ತಿದ್ದ. ಪರದೆಯಣ್ಣನ ಮನೆಯೊಳಗೆ ಬಂದವನು ಮುಖ ನೋಡಲೂ ಇಲ್ಲ. ಮೊಳೆಗೆ ನೇತುಹಾಕಿದ್ದ ಚರ್ಮದ ಏಪ್ರನ್ ನೋಡಿ, ಚಿತ್ರ ನೋಡಿ, "ಇವನೇ" ಅಂದ.

ಸುಟ್ಟ ತೋಳುಗಳನ್ನೇ ಹಿಂದಕ್ಕೆ ತಿರುಚಿ ಕಟ್ಟಿದರು. ಬೊಬ್ಬೆಗಳು ಒಡೆದು ನೀರು ಸುರಿಯಿತು. ತಮ್ಮನ ಹೆಂಡತಿ ಅಡ್ಡ ನಿಂತಳು. ಅವಳ ಹೊಟ್ಟೆಗೆ ಬೂಟುಗಾಲಿನಿಂದ ಒದ್ದು ದಾಟಿಹೋದರು.

ಪರದೆಯಣ್ಣ ಹಿಂದೆಯೇ ಕಚೇರಿಗೆ ಹೋದ. ಬಾಗಿಲಲ್ಲಿ ಒದೆ ತಿಂದ, ಮತ್ತೆ ಹೋದ. ಮೂರನೇ ಸಲ, ಮುರಿದ ಕೈಯವನು ಏನು ಮಾಡಿಯಾನು ಅಂತ ಒಳಗೆ ಬಿಟ್ಟರು. ದೊಡ್ಡ ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ದುಭಾಷಿ, ಕಿಟಕಿಯ ಬಳಿ ಒಬ್ಬ ಕನ್ನಡಕದ ತರುಣ. ಹಿಂದಿನ ದಿನ ಒಡೆದ ಕಿಟಕಿಗೆ ಕಾಗದ ಅಂಟಿಸಿತ್ತು. ಆ ತರುಣ ಯಂತ್ರದ ನಕ್ಷೆ ಬರೆಯುವವನು. ಗಲಾಟೆಯನ್ನೆಲ್ಲ ಕಿಟಕಿಯಿಂದ ನೋಡಿ ಅವನೇ ಆ ಚಿತ್ರ ಬರೆದದ್ದು. ಅವನ ತೋರುಬೆರಳ ಉಗುರಿನಲ್ಲಿ ಶಾಯಿ ಇಂಗಿತ್ತು. ತನ್ನ ಉಗುರಿನ ಹಾಗೆಯೇ, ಅಂದುಕೊಂಡ ಪರದೆಯಣ್ಣ.

"ನಮ್ಮ ಎಂಜಿನಿಯರನ್ನ ಕೊಡಲಿಯಿಂದ ಕೊಂದೋನು ನಿನ್ನ ತಮ್ಮ. ಚಿತ್ರದಲ್ಲಿ ಕೊಡಲಿ ಹಿಡಿದಿರೋನು ಅವನೊಬ್ಬನೇ" ಅಂದ ದುಭಾಷಿ.

"ಕೊಂದೋನು ದೊಡ್ಡಕೊಡ. ಬೆಂದು ಸತ್ತ."

"ಸತ್ತೋರು ಎಲ್ಲಾ ತಪ್ಪನ್ನೂ ಹೊತ್ಕೊಳ್ತಾರೆ, ಅನುಕೂಲ."

ಸಾಕ್ಷಿ ಹೇಳಬಲ್ಲವನು ಆ ಎಂಜಿನಿಯರು, ಅವನೇ ಹೆಣ. ಊರವರು ಯಾರಾದರೂ ಬಾಯಿ ಬಿಟ್ಟರೆ 'ನೀನೂ ಅಲ್ಲಿದ್ದೆಯಾ' ಅಂತ ಅವರನ್ನೇ ಸಾಲಿಗೆ ಸೇರಿಸುತ್ತಿದ್ದರು. ಪರದೆಯಣ್ಣ ಚಿತ್ರ ನೋಡಬೇಕು ಅಂದ. ಎದುರಿಗೆ ಹಿಡಿದರು.

ಅವನು ನೋಡಿದ. ಕಾಗದದ ಮಧ್ಯೆ ಯಂತ್ರದ ಮನೆ. ಪಟ್ಟಿ ಹಿಡಿದು ಎಳೆದ ಗೆರೆಗಳು, ಒಂದೊಂದು ಮೊಳೆಯನ್ನೂ ಎಣಿಸಬಹುದಿತ್ತು. ಗುಡಿಯ ಹಾಗೆ ಬೆಳಗುತ್ತಿತ್ತು. ಸುತ್ತ ಜನ. ಜನಕ್ಕೆ ಮಾತ್ರ ಮುಖವೇ ಇಲ್ಲ. ಎಲ್ಲರಿಗೂ ಒಂದೇ ಬಾಯಿ, ಆ ಬಾಯಿಯಲ್ಲಿ ಎರಡು ಸಾಲು ಹಲ್ಲು. ಪರದೆಯಣ್ಣನಿಗೆ ಆ ಹಲ್ಲುಗಳ ಪರಿಚಯ ಚೆನ್ನಾಗಿತ್ತು, ಯಂತ್ರಕ್ಕೆ ತಾನೇ ಬರೆದ ಹಲ್ಲುಗಳು ಅವು. ಎಲ್ಲರಿಗಿಂತ ಮುಂದೆ ಚರ್ಮದ ಏಪ್ರನ್ನಿನವನು, ಎರಡೂ ಕೈ ತಲೆಯ ಮೇಲೆ, ಕೈಯಲ್ಲಿ ಕೊಡಲಿ.

ಅವನು ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಉಳಿದ ಗೆರೆಗಳೆಲ್ಲ ಕೂದಲೆಳೆಯಷ್ಟು ತೆಳು. ಹಿಡಿಯೂ ತೆಳು. ಕೊಡಲಿಯ ಅಲಗು ಮಾತ್ರ ದಪ್ಪ, ಕಗ್ಗಪ್ಪು, ಅಂಚಿನಲ್ಲಿ ಶಾಯಿ ಕಾಗದದೊಳಗೆ ಹರಡಿ ಆಮೇಲೆ ತಿದ್ದಿಸಿಕೊಂಡಿತ್ತು. ಹಿಡಿಯ ತುದಿಯಲ್ಲಿ ಮೊದಲು ಬರೆದಿದ್ದ ಅಗಲವಾದ ಸಲಿಕೆಯ ಬಾಯಿಯ ಗೆರೆ, ಅದರಡಿಯಲ್ಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು. ಕಿಟಕಿಗೆ ಕಲ್ಲು ಬಿದ್ದ ಗಳಿಗೆಯಲ್ಲಿ ಇವನ ಕೈ ಅದುರಿದೆ.

"ಇದು ಹನಿ. ಶಾಯಿ ಬಿದ್ದಿದೆ. ಒರೆಸಿದ್ರೆ ಹರಡುತ್ತೆ ಅಂತ ಕೊಡಲಿ ಮಾಡಿದ್ದಾರೆ. ಅವನ ಕೈಲಿದ್ದದ್ದು ಸಲಿಕೆ. ಅವರನ್ನೇ ಕೇಳಿ" ಅಂದ.

ದುಭಾಷಿ ನಕ್ಕು, ಹೇಳಿದ್ದನ್ನು ಅವರ ಭಾಷೆಗೆ ತಿರುಗಿಸಿದ. ನಕ್ಷೆಯವನು ಥಟ್ಟನೆ ತಲೆಯೆತ್ತಿದ. ಕಣ್ಣಿಗೆ ಕಣ್ಣು ಸೇರಿತು. ಅವನಿಗೆ ಗೊತ್ತು ಅನ್ನುವುದು ಪರದೆಯಣ್ಣನಿಗೆ ಗೊತ್ತಾಯಿತು, ಪರದೆಯಣ್ಣನಿಗೆ ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಅಧಿಕಾರಿ ಅವನ ಕಡೆ ತಿರುಗಿ ಏನೋ ಕೇಳಿದ. ಆ ಕೇಳುವ ದನಿಯಲ್ಲಿ ಮೆಚ್ಚುಗೆ ಇತ್ತು, ಕಲ್ಲು ಬೀಳುತ್ತಿದ್ದರೂ ಕೂತು ಬರೆದವನಲ್ಲವೇ. ನಕ್ಷೆಯವನ ತುಟಿ ಅಲುಗಿತು. ಹೆಬ್ಬೆರಳು ತಾನಾಗಿ ಹೋಗಿ ಆ ಕಪ್ಪಿನ ಮೇಲೆ ಕೂತಿತು. ಒಂದೇ ಮಾತು ಹೇಳಿದ.

"ಕಂಡದ್ದನ್ನೇ ಬರೆದಿದ್ದೀನಿ ಅಂತಾರೆ" ಅಂದ ದುಭಾಷಿ.

ಪರದೆಯಣ್ಣನಿಗೆ ಅವನ ಕತ್ತು ಹಿಸುಕಬೇಕು ಅನ್ನಿಸಿತು. ಅದಕ್ಕಿಂತ ಕೆಟ್ಟದ್ದು, ಅವನ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಏಣಿಯ ಮೇಲೆ ನಿಂತವನಿಗೆ ಆ ಒಂದು ಮಾತು ಎಷ್ಟು ಸಲೀಸಾಗಿ ಬರುತ್ತದೆ ಅಂತ ತನಗಿಂತ ಚೆನ್ನಾಗಿ ಬಲ್ಲವರು ಯಾರು. "ಹೇಳಪ್ಪಾ, ಈಗಲೇ ಹೇಳಿಬಿಡು. ಆಮೇಲೆ ಹೇಳಿದ್ರೆ ಯಾರೂ ಕೇಳಲ್ಲ" ಅಂತ ಎಡಗೈಯಿಂದ ಅವನ ಕಾಲು ಹಿಡಿದ. ನಕ್ಷೆಯವನು ಕಾಲು ಎಳೆದುಕೊಂಡ.

ಅಧಿಕಾರಿ ಮೂಲೆಗೆ ಕೈ ತೋರಿಸಿದ. ಅಲ್ಲಿ ನಾಟಕಮಂದಿರದಿಂದ ಕಿತ್ತು ತಂದಿದ್ದ ಯಂತ್ರದ ಪರದೆ ಸುರುಳಿ ಸುತ್ತಿ ಇಟ್ಟಿತ್ತು. ಇಬ್ಬರು ಸಿಪಾಯಿಗಳು ಅದನ್ನು ಬಿಚ್ಚಿದರು. ಹಲ್ಲು, ಕೈ, ಕೆಂಪು ಬಳೆ.

"ಯಂತ್ರಕ್ಕೆ ಹಲ್ಲು ಬರೆದೋನು ನೀನು. ನಮ್ಮ ಚಿತ್ರ ಸುಳ್ಳು ಅಂತ ಹೇಳೋಕೆ ಬಂದಿದ್ದೀಯಾ ಅಂತ ಕೇಳ್ತಿದ್ದಾರೆ" ಅಂದ ದುಭಾಷಿ. ಈ ಸಲ ಅವನೂ ನಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆ ಇಂಥ ಹೊತ್ತಿಗೇ ಹುಟ್ಟಿರಬೇಕು.

ಮರುದಿನ ಬಿಸಿಲೇರುವ ಮುಂಚೆ ಊರನ್ನೆಲ್ಲ ಹೊಳೆದಂಡೆಗೆ ಅಟ್ಟಿಕೊಂಡು ಬಂದು ನಿಲ್ಲಿಸಿದರು. ಯಂತ್ರದ ಮನೆಯ ಗೋಡೆಗೆ ತಮ್ಮನನ್ನು ನಿಲ್ಲಿಸಿದರು. ಗುರುತಿಗಿರಲಿ ಅಂತ ಆ ಏಪ್ರನ್ನನ್ನೇ ಕಟ್ಟಿದ್ದರು. ಮುಖ ಬಾತು ಒಂದು ಕಣ್ಣು ಮುಚ್ಚಿತ್ತು. ಬುಟ್ಟಿಯವಳು ಮಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಬಿಕ್ಕುತ್ತಿದ್ದಳು. ಮುಂದಿನ ಸಾಲಿನಲ್ಲಿ ತಮ್ಮನ ಹೆಂಡತಿ ಇಬ್ಬರು ಹೆಂಗಸರ ತೋಳಿಗೆ ಜೋತುಬಿದ್ದಿದ್ದಳು. ಪರದೆಯಣ್ಣನನ್ನು ಇಬ್ಬರು ಸಿಪಾಯಿಗಳು ಹಿಡಿದುಕೊಂಡಿದ್ದರು. ಅವನ ಪಕ್ಕದಲ್ಲೇ ಮಡಿಸುವ ಕುರ್ಚಿ ಹಾಕಿ, ತೊಡೆಯ ಮೇಲೆ ಹಲಗೆಯಿಟ್ಟು, ನಕ್ಷೆಯವನು ಕೂತಿದ್ದ. ಇದನ್ನೂ ಬರೆಯಬೇಕು, ನಮ್ಮ ದೇಶಕ್ಕೆ ಕಳಿಸಬೇಕು ಅಂತ ಅಧಿಕಾರಿಯ ಅಪ್ಪಣೆ.

ತಮ್ಮ ತೆರೆದಿದ್ದ ಒಂದು ಕಣ್ಣಿನಿಂದ ಹುಡುಕಿ ಹುಡುಕಿ ಅಣ್ಣನನ್ನು ಕಂಡುಹಿಡಿದ. "ಅಣ್ಣಾ, ನಂಗೂ ತೋರಿಸಿದ್ರು ಚಿತ್ರ. ಆ ಕೊಡಲಿ ಹನಿ ತಾನೇ?" ಅಂದ.

ಪರದೆಯಣ್ಣ ಹೌದು ಅಂತ ತಲೆಯಾಡಿಸಿದ.

"ನಂಗಾಗಲೇ ಗೊತ್ತಾಯ್ತು" ಅಂದ ತಮ್ಮ. ಒಡೆದ ತುಟಿಯಲ್ಲಿ ನಗಲು ನೋಡಿದ. ಮುಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದನಲ್ಲ, ಅದೇ ನಗು.

ಬಂದೂಕುಗಳು ಒಟ್ಟಿಗೇ ಹಾರಿದವು. ಏಪ್ರನ್ನಿನ ಚರ್ಮ ಹರಿದು ಚೂರುಗಳು ಎದ್ದವು. ತಮ್ಮ ಗೋಡೆಗೆ ಬೆನ್ನು ಕೊಟ್ಟು ಜಾರುತ್ತಾ ಕೂತ, ಅವನ ಹಿಂದೆ ಗೋಡೆಯ ಮೇಲೆ ಅಗಲವಾದ ಕೆಂಪು ಗೆರೆ ಇಳಿಯಿತು. ಅವನ ಹೆಂಡತಿ ಕೂಗಿದ ಕೂಗಿಗೆ ಹೊಳೆಯಾಚೆಯ ದನಗಳು ಬೆದರಿ ಓಡಿದವು. ಪರದೆಯಣ್ಣ ಹಿಡಿದವರ ಕೈಯಲ್ಲೇ ಕುಸಿದ. ಎತ್ತಿ ನಿಲ್ಲಿಸಿದರು.

ಪಕ್ಕದಲ್ಲಿ ಲೇಖನಿಯ ಸದ್ದು ನಿಂತಿತ್ತು. ತಿರುಗಿ ನೋಡಿದ. ನಕ್ಷೆಯವನ ಕೈ ಗಡಗಡ ನಡುಗುತ್ತಿತ್ತು. ಕಾಗದದ ಮೇಲೆ ಗೋಡೆ ಆಗಿತ್ತು, ಸಿಪಾಯಿಗಳು ಆಗಿದ್ದರು, ಗೋಡೆಯ ಬುಡದ ಜಾಗ ಇನ್ನೂ ಖಾಲಿಯಿತ್ತು. ಅಲ್ಲಿ ಶಾಯಿಯ ದೊಡ್ಡದೊಂದು ಹನಿ ಬಿದ್ದಿತ್ತು. ಅವನು ಜೇಬಿನಿಂದ ಬಟ್ಟೆ ತೆಗೆದು ಒರೆಸಲು ಬಗ್ಗಿದ.

"ಅವರಿಗೆ ಹೇಳು. ಒರೆಸಬಾರದು, ಬರೀಬೇಕು" ಅಂದ ಪರದೆಯಣ್ಣ, ದುಭಾಷಿಗೆ.

ದುಭಾಷಿಗೆ ತಲೆಬುಡ ಅರ್ಥವಾಗಲಿಲ್ಲ, ತಿರುಗಿಸಿ ಹೇಳಲೂ ಇಲ್ಲ. ನಕ್ಷೆಯವನು ಮಾತ್ರ ಪರದೆಯಣ್ಣನ ಮುಖ ನೋಡಿದ, ಗೋಡೆಯ ಬುಡದಲ್ಲಿ ಕೂತವನನ್ನು ನೋಡಿದ. ಆಮೇಲೆ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ.